ಮಕ್ಕಳು ಮತ್ತು ಹದಿಹರೆಯದವರಿಗೆ ಫ್ಲೂ ಲಸಿಕೆ: ದೊರೆಯುವ ರಕ್ಷಣೆ ಎಷ್ಟು?

ಫ್ಲೂ ಎಂದು ಕರೆಯಲಾಗುವ ಇನ್‌ಫ್ಲುಯೆಂಜಾ, ವೈರಾಣುವಿನಿಂದ ಹರಡುವ ಶ್ವಾಸಾಂಗದ ಸೋಂಕು. ಬಹುಪಾಲು ಮಕ್ಕಳು ಇದರಿಂದ ತಾವಾಗಿಯೇ ಗುಣಮುಖರಾಗುತ್ತಾರೆ. ಆದರೆ 5 ವರ್ಷದೊಳಗಿನವರಲ್ಲಿ, ಅದರಲ್ಲೂ 2 ವರ್ಷದೊಳಗಿನ ಶಿಶುಗಳಲ್ಲಿ ಹಾಗೂ ಆಸ್ತಮಾ, ಹೃದ್ರೋಗ, ಮಧುಮೇಹ ಮುಂತಾದ ಕಾಯಿಲೆಗಳುಳ್ಳ ಮಕ್ಕಳಲ್ಲಿ ಇದು ನ್ಯುಮೋನಿಯಾಕ್ಕೆ ತಿರುಗಿ ಪ್ರಾಣಾಪಾಯವನ್ನು ಉಂಟುಮಾಡಬಹುದು.

ಸೋಂಕಿನಿಂದ ರಕ್ಷಣೆ

ಮಕ್ಕಳ ಮೇಲೆ ನಡೆದ ಲಸಿಕಾ ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆಯು 2018ರಲ್ಲಿ ಒಟ್ಟಾಗಿ ಪರಿಶೀಲಿಸಿತು. ಅದರಂತೆ, 2ರಿಂದ 16 ವರ್ಷದವರಲ್ಲಿ ಲಸಿಕೆ ಪಡೆಯದ 100 ಮಕ್ಕಳ ಪೈಕಿ 30 ಮಕ್ಕಳಿಗೆ ಫ್ಲೂ ತಗುಲಿದ್ದರೆ, ಚುಚ್ಚುಮದ್ದು ಪಡೆದ 100 ಮಕ್ಕಳ ಪೈಕಿ 11 ಮಕ್ಕಳಿಗೆ ತಗುಲಿತ್ತು. ಮೂಗಿನ ಮೂಲಕ ನೀಡುವ ಸಜೀವ ಲಸಿಕೆಯ ಪ್ರಯೋಗಗಳಲ್ಲಿ ಈ ಪ್ರಮಾಣ 18ರಿಂದ 4ಕ್ಕೆ ಇಳಿದಿತ್ತು.

ತೀವ್ರ ಕಾಯಿಲೆ ಮತ್ತು ಮರಣದಿಂದ ರಕ್ಷಣೆ

ಅಮೆರಿಕದಲ್ಲಿ 2010ರಿಂದ 2014ರವರೆಗಿನ ನಾಲ್ಕು ಋತುಗಳಲ್ಲಿ ಫ್ಲೂನಿಂದ ಮೃತಪಟ್ಟ, 6 ತಿಂಗಳಿನಿಂದ 17 ವರ್ಷದೊಳಗಿನ ಮಕ್ಕಳ ವಿವರಗಳನ್ನು ಅಧ್ಯಯನ ಮಾಡಲಾಯಿತು. 2017ರಲ್ಲಿ ಪ್ರಕಟವಾದ ಈ ಅಧ್ಯಯನದಂತೆ, ಲಸಿಕೆಯು ಮರಣದ ಸಂಭವವನ್ನು ಶೇ. 65ರಷ್ಟು ತಗ್ಗಿಸಿತ್ತು. ಇತರ ಕಾಯಿಲೆಗಳುಳ್ಳ ಮಕ್ಕಳಲ್ಲಿ ಈ ರಕ್ಷಣೆ ಶೇ. 51ರಷ್ಟಿತ್ತು. ಮೃತಪಟ್ಟ ಮಕ್ಕಳಲ್ಲಿ ಲಸಿಕೆ ಪಡೆದಿದ್ದವರು ಸುಮಾರು ನಾಲ್ಕನೇ ಒಂದು ಭಾಗ ಮಾತ್ರ.

ರಕ್ಷಣೆಯು ವರ್ಷದಿಂದ ವರ್ಷಕ್ಕೆ ಬದಲಾಗಲು ಕಾರಣ

ಫ್ಲೂ ವೈರಾಣು ತನ್ನ ರೂಪವನ್ನು ನಿರಂತರವಾಗಿ ಬದಲಿಸಿಕೊಳ್ಳುತ್ತದೆ. ಆದುದರಿಂದ ವಿಶ್ವ ಆರೋಗ್ಯ ಸಂಸ್ಥೆಯು ವರ್ಷಕ್ಕೆ ಎರಡು ಬಾರಿ ಲಸಿಕೆಯಲ್ಲಿರಬೇಕಾದ ತಳಿಗಳನ್ನು ಶಿಫಾರಸು ಮಾಡುತ್ತದೆ. ಹರಡುವ ತಳಿಯು ಲಸಿಕೆಯ ತಳಿಗೆ ಹೊಂದದಿದ್ದಲ್ಲಿ ರಕ್ಷಣೆ ಕುಗ್ಗುತ್ತದೆ. ಅಮೆರಿಕದಲ್ಲಿ 2014-15ರ ಋತುವಿನಲ್ಲಿ ಹೀಗಾಗಿ, ಎಲ್ಲ ವಯೋಮಾನದವರಲ್ಲಿ ಒಟ್ಟಾರೆ ರಕ್ಷಣೆ ಸುಮಾರು ಶೇ. 19ಕ್ಕೆ ಇಳಿದಿತ್ತು. ದೇಹದಲ್ಲಿ ಉಂಟಾದ ರೋಗನಿರೋಧಕ ಶಕ್ತಿಯೂ ಕಾಲಕ್ರಮೇಣ ಕುಂದುವುದರಿಂದ ಲಸಿಕೆಯನ್ನು ಪ್ರತಿ ವರ್ಷ ಪಡೆಯಬೇಕಾಗುತ್ತದೆ.

ಪೋಷಕರು ಗಮನಿಸಬೇಕಾದ ಅಂಶಗಳು

1. 6 ತಿಂಗಳು ತುಂಬದ ಶಿಶುಗಳಿಗೆ ಈ ಲಸಿಕೆ ನೀಡುವಂತಿಲ್ಲ. ಗರ್ಭಿಣಿಯು ಲಸಿಕೆ ಪಡೆದಲ್ಲಿ ಜನಿಸುವ ಶಿಶುವಿಗೂ ಮೊದಲ ಕೆಲವು ತಿಂಗಳು ರಕ್ಷಣೆ ದೊರೆಯುತ್ತದೆ.

2. 9 ವರ್ಷದೊಳಗಿನ ಮಕ್ಕಳು ಮೊದಲ ಬಾರಿಗೆ ಲಸಿಕೆ ಪಡೆಯುವಾಗ ಕನಿಷ್ಠ 4 ವಾರಗಳ ಅಂತರದಲ್ಲಿ ಎರಡು ಡೋಸ್ ಪಡೆಯಬೇಕು. ಒಂದೇ ಡೋಸ್‌ನಿಂದ ಪೂರ್ಣ ರಕ್ಷಣೆ ದೊರೆಯುವುದಿಲ್ಲ.

3. ರಕ್ಷಣೆ ಉಂಟಾಗಲು ಸುಮಾರು ಎರಡು ವಾರ ಬೇಕು. ಭಾರತದಲ್ಲಿ ಮಳೆಗಾಲದಲ್ಲಿ ಮತ್ತು ಜನವರಿಯಿಂದ ಮಾರ್ಚ್ ಅವಧಿಯಲ್ಲಿ ಫ್ಲೂ ಹೆಚ್ಚಾಗುವುದರಿಂದ, ಮಳೆಗಾಲಕ್ಕೆ ಮುಂಚಿತವಾಗಿ ಲಸಿಕೆ ಪಡೆಯುವುದು ಸೂಕ್ತ.

4. ಪೆಂಟಾವೇಲೆಂಟ್ ಲಸಿಕೆಯಲ್ಲಿರುವ 'ಹಿಬ್' ಅಂಶವು ಹೀಮೋಫಿಲಸ್ ಇನ್‌ಫ್ಲುಯೆಂಜೆ ಎಂಬ ಬ್ಯಾಕ್ಟೀರಿಯಾದ ವಿರುದ್ಧದ್ದು. ಹೆಸರಿನಲ್ಲಿ ಹೋಲಿಕೆಯಿದ್ದರೂ ಅದು ಫ್ಲೂ ಲಸಿಕೆಯಲ್ಲ. ತಾಯಿ ಕಾರ್ಡ್‌ನಲ್ಲಿ ಪೆಂಟಾವೇಲೆಂಟ್ ನಮೂದಾಗಿರುವುದರಿಂದ ಫ್ಲೂ ಲಸಿಕೆ ಆಗಿದೆಯೆಂದು ಭಾವಿಸತಕ್ಕದ್ದಲ್ಲ.

5. ಫ್ಲೂ ಲಸಿಕೆಯು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯು 6 ತಿಂಗಳಿನಿಂದ 5 ವರ್ಷದವರೆಗಿನ ಮಕ್ಕಳಿಗೆ ಹಾಗೂ ನಂತರದ ವಯಸ್ಸಿನಲ್ಲಿ ಹೆಚ್ಚಿನ ಅಪಾಯವುಳ್ಳವರಿಗೆ ಇದನ್ನು ಶಿಫಾರಸು ಮಾಡುತ್ತದೆ.

ವೈದ್ಯರನ್ನು ತಕ್ಷಣ ಕಾಣಬೇಕಾದ ಸಂದರ್ಭಗಳು

ಲಸಿಕೆ ಪಡೆದ ಮಗುವಿಗೂ ಫ್ಲೂ ಬರುವ ಸಾಧ್ಯತೆ ಇದ್ದೇ ಇರುತ್ತದೆ. ವೇಗವಾದ ಉಸಿರಾಟ, ಉಸಿರಾಡುವಾಗ ಪಕ್ಕೆ ಒಳಸೆಳೆಯುವುದು, ತುಟಿ ನೀಲಿಗಟ್ಟುವುದು, ಹಾಲು ಅಥವಾ ನೀರು ಕುಡಿಯದಿರುವುದು, ಎಚ್ಚರಿಸಿದರೂ ಮಂಕಾಗಿರುವುದು ಕಂಡುಬಂದಲ್ಲಿ, ಲಸಿಕೆ ಆಗಿದೆಯೆಂದು ಕಾಯದೆ ಸಮೀಪದ ಆಸ್ಪತ್ರೆಗೆ ಮಗುವನ್ನು ಕರೆದೊಯ್ಯತಕ್ಕದ್ದು. ಜ್ವರಕ್ಕೆ ಆಸ್ಪಿರಿನ್ ಮಾತ್ರೆಯನ್ನು ಮಕ್ಕಳಿಗೆ ನೀಡಬಾರದು.