ಒಳಮನಸ್ಸಿನ ಜಾಡು ಹಿಡಿದು

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಝಳಕಿ ಸಿಗುತ್ತದೆ. ಬಸ್ಸಿನಲ್ಲಿ ಓಡಾಡುವವರಿಗೆ ಅದೊಂದು ಕ್ರಾಸು. ಸಂಸ್ಕೃತ ಓದಿದವರಿಗೆ ಮಾತ್ರ ಅದು ಝಳಕೀಕರ ಮನೆತನದ ಊರು. ಭೀಮಾಚಾರ್ಯ ಝಳಕೀಕರರ ‘ನ್ಯಾಯಕೋಶ’ 1874ರಲ್ಲಿ ಬಂತು. ವಾಮನಾಚಾರ್ಯ ಝಳಕೀಕರರು ಮಮ್ಮಟನ ‘ಕಾವ್ಯಪ್ರಕಾಶ’ಕ್ಕೆ ‘ಬಾಲಬೋಧಿನೀ’ ಎಂಬ ಟೀಕೆ ಬರೆದರು. ಆ ಗ್ರಂಥದ ನಾಲ್ಕನೆಯ ಉಲ್ಲಾಸದಲ್ಲಿ ರಸದ ಚರ್ಚೆ ಬರುತ್ತದೆ. ಪ್ರೇಕ್ಷಕನೊಳಗೆ ಭಾವಗಳು ವಾಸನಾರೂಪದಲ್ಲಿ ಮೊದಲೇ ಅಡಗಿರುತ್ತವೆ, ನಾಟಕ ಅವನ್ನು ಎಬ್ಬಿಸುತ್ತದೆ ಎಂಬ ಅಭಿನವಗುಪ್ತನ ಮತ ಅಲ್ಲಿದೆ. ತನಗೇ ತಿಳಿಯದ ಏನೋ ತನ್ನೊಳಗಿದೆ ಎಂಬುದು ಈ ನೆಲದ ಪಂಡಿತರಿಗೆ ಹೊಸದಾಗಿರಲಿಲ್ಲ.

ಅದೇ ಶತಮಾನದ ಕೊನೆಗೆ ವಿಯೆನ್ನಾದಲ್ಲಿ ಈ ವಿಷಯ ವೈದ್ಯರ ಕೈಗೆ ಬಂತು. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಹಿಸ್ಟೀರಿಯಾ ಕುರಿತ ಪುಸ್ತಕ ತಂದರು. 1899ರಲ್ಲಿ ಫ್ರಾಯ್ಡನ ಕನಸುಗಳ ಗ್ರಂಥ ಹೊರಬಿತ್ತು. ವಾಸನೆ ಸಹೃದಯನನ್ನು ರಸದ ಆನಂದಕ್ಕೆ ಒಯ್ಯುತ್ತದೆ. ಫ್ರಾಯ್ಡನ ಸುಪ್ತಪ್ರಜ್ಞೆ ಅದುಮಿಟ್ಟ ಆಸೆಗಳ ಜಾಗ; ಅಲ್ಲಿಂದ ಎದ್ದು ಬರುವುದು ಕಾಯಿಲೆ, ಕನಸು, ಬಾಯಿತಪ್ಪಿದ ಮಾತು. ಎರಡೂ ಒಂದೇ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ರೋಗಿಯನ್ನು ಮಲಗಿಸಿ, ಅವಳ ಮಾತನ್ನು ತಡೆಯದೆ ಕೇಳುತ್ತ ಕೂತದ್ದು ಫ್ರಾಯ್ಡನ ಹೊಸತನ.

ಭಾರತಕ್ಕೆ ಈ ವಿದ್ಯೆ ಬೇಗ ಬಂತು. 1922ರಲ್ಲಿ ಗಿರೀಂದ್ರಶೇಖರ ಬೋಸ್ ಕಲ್ಕತ್ತದಲ್ಲಿ ಮನೋವಿಶ್ಲೇಷಣೆಯ ಸಂಘ ಕಟ್ಟಿದರು. ಫ್ರಾಯ್ಡನಿಗೆ ಪತ್ರ ಬರೆಯುತ್ತ, ತಮ್ಮ ರೋಗಿಗಳ ಮನಸ್ಸು ಯುರೋಪಿನವರಂತೆಯೇ ನಡೆಯುವುದಿಲ್ಲ ಎಂದು ವಾದಿಸಿದರು. ಕನ್ನಡನಾಡಿನ ದಾರಿ ಬೇರೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರ ವಿಭಾಗ ಆರಂಭಿಸಿದರು. ಅವರು ಲಂಡನ್ನಿನಲ್ಲಿ ಸ್ಪಿಯರ್‌ಮನ್‌ ಅವರ ಬಳಿ ಕಲಿತವರು, ಪ್ರಯೋಗ ಮತ್ತು ಅಳತೆಯ ಶಾಲೆಯವರು. ಇಲ್ಲಿ ಫ್ರಾಯ್ಡ್ ಚಿಕಿತ್ಸೆಯಾಗಿ ಬೇರೂರಿದ್ದಕ್ಕಿಂತ ಓದಾಗಿ ಹಬ್ಬಿದ್ದೇ ಹೆಚ್ಚು.

ಅದೇ ದಶಕಗಳಲ್ಲಿ ಝಳಕಿಗೆ ಹತ್ತಿರದ ಹಲಸಂಗಿಯಲ್ಲಿ ಒಬ್ಬ ತರುಣ ತನ್ನೊಳಗನ್ನು ತಾನೇ ತೋಡುತ್ತಿದ್ದ. ಚೆನ್ನಮಲ್ಲಪ್ಪ ಗಲಗಲಿ, ನಮಗೆಲ್ಲ ಮಧುರಚೆನ್ನ (1903–1953). ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂಬ ಆತ್ಮಕಥನಗಳಲ್ಲಿ ಅವರು ಬರೆದದ್ದು ಹೊರಗಿನ ಬದುಕಿನ ವಿವರವನ್ನಲ್ಲ. ದೇವರಿದ್ದಾನೋ ಇಲ್ಲವೋ ಎಂಬ ಸಂಶಯ, ಅದು ತಂದ ಸಂಕಟ, ಅದರಿಂದ ಹೊರಬಂದ ಬಗೆಯನ್ನು. ಮುಂದೆ ಅವರು ಅರವಿಂದರ ಭಕ್ತರಾದರು. ಅನುಭಾವ ಸಾಹಿತ್ಯವೆಂದು ಈ ಬರಹಗಳನ್ನು ನಾವು ಗೌರವದಿಂದ ಕಪಾಟಿನಲ್ಲಿಟ್ಟಿದ್ದೇವೆ. ಒಬ್ಬ ಮನುಷ್ಯ ತನ್ನ ಮನಸ್ಸಿನ ಬಗ್ಗೆ ಸುಳ್ಳು ಹೇಳದೆ ಕೊಟ್ಟ ಸಾಕ್ಷ್ಯವೆಂದೂ ಅವನ್ನು ಓದಬೇಕು. ಕನ್ನಡದಲ್ಲಿ ಅಂಥ ಸಾಕ್ಷ್ಯ ವಿರಳ.

ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ಇನ್ನೊಂದು ಕೆಲಸವನ್ನೂ ಮಾಡಿದರು. ಸುತ್ತಲ ಹಳ್ಳಿಗಳ ಹಾಡು ಕೂಡಿಹಾಕಿ 1931ರಲ್ಲಿ ‘ಗರತಿಯ ಹಾಡು’ ತಂದರು; ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಆಮೇಲೆ ಬಂದವು. ನಸುಕಿನಲ್ಲಿ ಬೀಸುತ್ತ ಕೂತ ಹೆಣ್ಣು ತವರಿನ ಹಂಬಲವನ್ನು, ಅತ್ತೆಮನೆಯ ನೋವನ್ನು ತ್ರಿಪದಿಯಲ್ಲಿ ಹಾಡಿಕೊಳ್ಳುತ್ತಾಳೆ. ಯಾರ ಮುಂದೆಯೂ ಆಡಲಾರದ್ದನ್ನು ಹಾಡಿನಲ್ಲಿ ಆಡಬಹುದಿತ್ತು. ‘ಎದಿ ಹಗುರಾತು’ ಎಂದು ನಮ್ಮ ಕಡೆ ಹೇಳುವುದು ಇದಕ್ಕೇ.

ಎ.ಕೆ. ರಾಮಾನುಜನ್ ಇದನ್ನೇ ಕಥೆಗಳಲ್ಲಿ ಕಂಡರು. ಅವರು ಸಂಗ್ರಹಿಸಿದ ಒಂದು ಕನ್ನಡ ಕಥೆಯಲ್ಲಿ ಹೆಂಗಸೊಬ್ಬಳು ತನಗೆ ಗೊತ್ತಿದ್ದ ಒಂದು ಕಥೆ, ಒಂದು ಹಾಡನ್ನು ಯಾರಿಗೂ ಹೇಳದೆ ಇಟ್ಟುಕೊಳ್ಳುತ್ತಾಳೆ. ಉಸಿರುಕಟ್ಟಿದ ಅವು ಹೊರಬಿದ್ದು ಜೋಡು, ಅಂಗಿಗಳಾಗಿ ಗಂಡ ಹೆಂಡಿರ ನಡುವೆ ಜಗಳ ಹಚ್ಚುತ್ತವೆ. ಅದುಮಿಟ್ಟದ್ದು ವೇಷ ಬದಲಿಸಿ ಮರಳುತ್ತದೆ ಎಂಬ ಫ್ರಾಯ್ಡನ ಮಾತಿಗೆ ಇಷ್ಟು ಹತ್ತಿರದ ಜಾನಪದ ನಿದರ್ಶನ ನಾನು ಬೇರೆ ಕಂಡಿಲ್ಲ. ಉತ್ತರ ಕರ್ನಾಟಕದ ಅಕ್ಷರ ಬಾರದ ಹೆಣ್ಣುಮಗಳಿಂದ ಅವರು ಕೇಳಿದ ಮತ್ತೊಂದು ಕಥೆ, ತಿಳಿಯದೆ ಮಗನನ್ನೇ ಮದುವೆಯಾದ ತಾಯಿಯದು. ಈಡಿಪಸ್ ಕಥೆಯೇ, ಆದರೆ ಇಲ್ಲಿ ದುರಂತವನ್ನು ಹೊರುವವಳು ತಾಯಿ. ಫ್ರಾಯ್ಡ್ ಮಗನ ಕಣ್ಣಿನಿಂದ ನೋಡಿದ್ದನ್ನು ಈ ಕಥೆಗಾರ್ತಿ ಹೆಣ್ಣಿನ ಕಣ್ಣಿನಿಂದ ನೋಡಿದಳು.

ಬರೆಯುವ ಕನ್ನಡದಲ್ಲಿ ಈ ಲೋಕವನ್ನು ಮನೆಮನೆಗೆ ತಲುಪಿಸಿದವರು ತ್ರಿವೇಣಿ (1928–1963). ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ್ದ ಅವರು ‘ಶರಪಂಜರ’ದ ಕಾವೇರಿಯನ್ನು ಸೃಷ್ಟಿಸಿದರು. ಹೆರಿಗೆಯ ನಂತರ ಮನಸ್ಸು ಕದಡಿ, ಆಸ್ಪತ್ರೆಯಲ್ಲಿ ಗುಣವಾಗಿ ಬಂದರೂ ಅವಳಿಗೆ ಮನೆಯಲ್ಲಿ ಸಿಗುವುದು ಸಂಶಯ. ರೋಗಕ್ಕಿಂತ ಹೆಚ್ಚಾಗಿ ಅವಳನ್ನು ಮುರಿದದ್ದು ಅದು. ಪುಟ್ಟಣ್ಣ ಕಣಗಾಲ್ ತೆಗೆದ ಚಿತ್ರದಲ್ಲಿ ಕಲ್ಪನಾ ಆ ಪಾತ್ರವಾದರು. ‘ಕೊರವಂಜಿ’ ಹಾಸ್ಯಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳನ್ನು ಕುರಿತ ‘ಮನಮಂಥನ’ಕ್ಕಾಗಿ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ನವ್ಯರಲ್ಲಿ ಶಾಂತಿನಾಥ ದೇಸಾಯಿ, ಯಶವಂತ ಚಿತ್ತಾಲರು ಕಾದಂಬರಿಯನ್ನೇ ಒಳಮನಸ್ಸಿನ ಶೋಧವಾಗಿಸಿದರು.

ಆಸ್ಪತ್ರೆಗಳ ಕಥೆ ಇದಕ್ಕೆ ಸಮಾಂತರವಾಗಿ ಸಾಗಿತು. ಉತ್ತರ ಕರ್ನಾಟಕಕ್ಕೆ ಧಾರವಾಡದ ಮಾನಸಿಕ ಆಸ್ಪತ್ರೆ 1845ರಷ್ಟು ಹಿಂದಿನದು. ‘ಧಾರವಾಡಕ್ಕೆ ಕಳಿಸಬೇಕು’ ಎಂಬುದು ಬೈಗುಳವಾಗುವಷ್ಟು ಹಳೆಯದು. ಬೆಂಗಳೂರಿನಲ್ಲಿ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಅದರ ವೈದ್ಯರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಗೂ ನೌಕರರಿಗೂ ತರಬೇತಿ ಕೊಟ್ಟರು. ಆ ಮಾದರಿಯ ಮೇಲೆ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಹರಡಿತು. ಇದರಿಂದ ಗುಳಿಗೆ ಹಳ್ಳಿಯ ಹತ್ತಿರ ಬಂತು, ಅದು ದೊಡ್ಡ ಉಪಕಾರ. ಆದರೆ ಉದ್ದನೆಯ ಸಾಲಿನಲ್ಲಿ ನಿಂತು ಬಂದವಳಿಗೆ ವೈದ್ಯರ ಎದುರು ಸಿಗುವುದು ಕೆಲವೇ ನಿಮಿಷ. ಬೀಸುಕಲ್ಲೂ ಈಗ ಮೂಲೆ ಸೇರಿದೆ. ಅವಳ ಮಾತನ್ನು ಅವಳ ಆಡುಭಾಷೆಯಲ್ಲೇ ಕೂತು ಕೇಳಬಲ್ಲ ಆಪ್ತಸಮಾಲೋಚಕರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಆಸ್ಪತ್ರೆಗಳಿಗೆ ಬೇಕು. ಅವರನ್ನು ತಯಾರು ಮಾಡುವವರು ಫ್ರಾಯ್ಡನ ಜೊತೆಗೆ ‘ಗರತಿಯ ಹಾಡ’ನ್ನೂ ಪಾಠಕ್ಕಿಡಲಿ.