ಎಣಿಕೆಗೆ ಸಿಗದ ಹಿಡಿತ: ಪ್ಲೇಟ್‌ಲೆಟ್ ಗ್ರಾಹಕದ ಶೋಧದಲ್ಲಿ ಗರಗಸ ಮಂಡಲದ ಪಾಲು

ಡೆಂಗಿ ಕಾಲಿಟ್ಟ ಮೇಲೆ ಚಳ್ಳಕೆರೆ, ಮೊಳಕಾಲ್ಮೂರಿನ ಹಳ್ಳಿಗಳಲ್ಲೂ ‘ಪ್ಲೇಟ್‌ಲೆಟ್ ಎಷ್ಟಿದೆ?’ ಎಂಬ ಪ್ರಶ್ನೆ ಮನೆಮಾತಾಗಿದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇದ್ದರೆ ನೆಮ್ಮದಿ, ಇಳಿದರೆ ಗಾಬರಿ. ಆದರೆ ಎಣಿಕೆ ಪೂರ್ತಿ ಸರಿಯಿದ್ದೂ ರಕ್ತ ನಿಲ್ಲದ ಮಕ್ಕಳಿದ್ದಾರೆ. ಪ್ಲೇಟ್‌ಲೆಟ್‌ಗಳು ಬೇಕಾದಷ್ಟಿದ್ದರೆ ಸಾಲದು, ಅವು ಒಂದನ್ನೊಂದು ಹಿಡಿದುಕೊಳ್ಳಬೇಕು. ಆ ಹಿಡಿತ ಕೊಡುವುದು ಅವುಗಳ ಮೈಮೇಲಿನ ಗ್ರಾಹಕ ಎಂಬ ಪ್ರೋಟೀನು. ಅದನ್ನು ಅರಿಯುವ ಹಾದಿಯಲ್ಲಿ ಈ ಸೀಮೆಯ ಕಲ್ಲುಗುಡ್ಡಗಳಲ್ಲಿ ವಾಸಿಸುವ ಒಂದು ಹಾವಿನ ಪಾಲೂ ಇದೆ.

ಪ್ಲೇಟ್‌ಲೆಟ್‌ಗಳ ಕೆಲಸವನ್ನು 1882ರಲ್ಲಿ ಸ್ಪಷ್ಟವಾಗಿ ವಿವರಿಸಿದವರು ಇಟಲಿಯ ಜೂಲಿಯೊ ಬಿಜೊಜೆರೊ. 1918ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಎಡ್ವರ್ಡ್ ಗ್ಲಾಂಜ್‌ಮನ್ ಒಂದು ವಿಚಿತ್ರ ಕಾಯಿಲೆಯನ್ನು ದಾಖಲಿಸಿದರು. ಮೂಗಿನಿಂದ, ವಸಡಿನಿಂದ ರಕ್ತ ಸೋರುತ್ತದೆ, ಪ್ಲೇಟ್‌ಲೆಟ್ ಎಣಿಕೆಯಲ್ಲಿ ಮಾತ್ರ ದೋಷವಿಲ್ಲ. ಕಾರಣ ತಿಳಿಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. 1974ರಲ್ಲಿ ಪ್ಯಾರಿಸ್ಸಿನ ಅಲನ್ ನರ್ಡೆನ್ ಮತ್ತು ಜಾಕ್ ಕಾಯೆನ್ ಇಂಥ ರೋಗಿಗಳ ಪ್ಲೇಟ್‌ಲೆಟ್ ಪೊರೆಯಲ್ಲಿ ಒಂದು ಸಕ್ಕರೆ-ಪ್ರೋಟೀನು ತೀರ ಕಡಿಮೆಯಾಗಿರುವುದನ್ನು ಕಂಡರು. ಮರುವರ್ಷ ಬರ್ನಾರ್ಡ್-ಸೂಲಿಯೇ ಎಂಬ ಮತ್ತೊಂದು ರಕ್ತಸ್ರಾವದ ಕಾಯಿಲೆಯಲ್ಲಿ ಬೇರೊಂದು ಪ್ರೋಟೀನಿನ ಕೊರತೆಯನ್ನೂ ಗುರುತಿಸಿದರು. ಈ ಕ್ಷೇತ್ರ ನಿಜವಾಗಿ ಶುರುವಾದದ್ದು ಅಲ್ಲಿಂದ ಎಂದೇ ನನ್ನ ಎಣಿಕೆ. ಯಾವ ಪ್ರೋಟೀನು ಏನು ಮಾಡುತ್ತದೆ ಎಂಬುದನ್ನು ಅದು ಇಲ್ಲದ ಜನರ ನೋವಿನಿಂದಲೇ ಕಲಿಯಬೇಕಾಯಿತು.

ಈಗ ತಿಳಿದಿರುವ ಕ್ರಮ ಹೀಗೆ. ರಕ್ತನಾಳ ಹರಿದ ಕಡೆ ಮೊದಲು ಜಿಪಿ 1ಬಿ ಎಂಬ ಗ್ರಾಹಕ ಓಡುವ ಪ್ಲೇಟ್‌ಲೆಟ್ಟನ್ನು ತಡೆದು ನಿಲ್ಲಿಸುತ್ತದೆ. ಜಿಪಿ 6 ನಾಳದ ಗೋಡೆಯ ಕೊಲ್ಲಾಜನ್ ಸೋಕಿ ಒಳಗೆ ಎಚ್ಚರಿಕೆ ಕೊಡುತ್ತದೆ. ಪ್ಲೇಟ್‌ಲೆಟ್ ತಾನೇ ಹೊರಚೆಲ್ಲಿದ ಎಡಿಪಿ, ಪಿ2ವೈ12 ಗ್ರಾಹಕದ ಮೂಲಕ ಅಕ್ಕಪಕ್ಕದವನ್ನೂ ಎಬ್ಬಿಸುತ್ತದೆ. ಕೊನೆಗೆ ಜಿಪಿ 2ಬಿ/3ಎ ಮಡಿಚಿಕೊಂಡಿದ್ದ ತನ್ನ ರೂಪ ಬಿಚ್ಚಿ ಫೈಬ್ರಿನೊಜನ್ ಎಳೆಯನ್ನು ಹಿಡಿಯುತ್ತದೆ. ಎಳೆಯ ಇನ್ನೊಂದು ತುದಿಯನ್ನು ಮತ್ತೊಂದು ಪ್ಲೇಟ್‌ಲೆಟ್ ಹಿಡಿಯುತ್ತದೆ. ಒಂದೊಂದು ಪ್ಲೇಟ್‌ಲೆಟ್ ಮೇಲೆ ಇಂಥ ಗ್ರಾಹಕ ಸುಮಾರು 80,000. ಗ್ಲಾಂಜ್‌ಮನ್ ಕಂಡ ಮಕ್ಕಳಲ್ಲಿ ಇಲ್ಲದಿದ್ದದ್ದು ಇದೇ.

ಗಾಯ ಮುಚ್ಚುವ ಈ ಹಿಡಿತವೇ ಹೃದಯದ ಕಿರಿದಾದ ರಕ್ತನಾಳದಲ್ಲಿ ಬಿಗಿದರೆ ಹೃದಯಾಘಾತ. ಹಾಗಾದರೆ ಗ್ಲಾಂಜ್‌ಮನ್ ಸ್ಥಿತಿಯನ್ನು ಕೆಲವು ಗಂಟೆಗಳ ಮಟ್ಟಿಗೆ ಬೇಕೆಂದೇ ಉಂಟುಮಾಡಬಹುದಲ್ಲವೇ? ಅಮೆರಿಕದ ಬ್ಯಾರಿ ಕೊಲರ್ ಹಿಡಿದ ದಾರಿ ಇದು. ಗ್ರಾಹಕವನ್ನು ಮುಚ್ಚುವ ಅವರ ಪ್ರತಿಕಾಯ 1994ರಲ್ಲಿ ಆಬ್‌ಸಿಕ್ಸಿಮ್ಯಾಬ್ ಎಂಬ ಔಷಧವಾಗಿ ಬಂತು.

ಇನ್ನೊಂದು ದಾರಿ ತೋರಿಸಿದ್ದು ಹಾವು. ಫೈಬ್ರಿನೊಜನ್ ಈ ಗ್ರಾಹಕಕ್ಕೆ ಅಂಟಲು ನೆರವಾಗುವ ಮೂರು ಅಮೈನೊ ಆಮ್ಲಗಳ ಗುರುತು, ಅರ್ಜಿನೈನ್-ಗ್ಲೈಸಿನ್-ಆಸ್ಪಾರ್ಟಿಕ್ ಆಮ್ಲ, ಗರಗಸ ಮಂಡಲದ ವಿಷದಲ್ಲೂ ಇದೆ. 1988ರಲ್ಲಿ ಪ್ರಕಟವಾದ ಎಕಿಸ್ಟಾಟಿನ್ ಎಂಬ ಆ ಪ್ರೋಟೀನಿನಲ್ಲಿರುವುದು ಬರೀ 49 ಅಮೈನೊ ಆಮ್ಲ. ಅದು ಗ್ರಾಹಕದ ಜಾಗ ಹಿಡಿದು ಕೂತರೆ ಫೈಬ್ರಿನೊಜನ್‌ಗೆ ಎಡೆಯಿಲ್ಲ. ಆ ಗುರುತಿನ ಆಕಾರವನ್ನೇ ಮಾದರಿಯಾಗಿಟ್ಟು ಕಟ್ಟಿದ ಸಣ್ಣ ಅಣು ಟೈರೋಫಿಬಾನ್ 1998ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಅದೇ ವರ್ಷ ಬಂದ ಎಪ್ಟಿಫಿಬಟೈಡ್‌ಗೆ ಮಾದರಿ ಅಲ್ಲಿನದೇ ಪುಟ್ಟ ಬುಡುಬುಡಿಕೆ ಹಾವಿನ ವಿಷ. ಗರಗಸ ಮಂಡಲದಲ್ಲಿ ಜಿಪಿ 1ಬಿಯನ್ನು ತಡೆಯುವ ಎಕಿಸೆಟಿನ್ ಎಂಬ ಬೇರೊಂದು ಪ್ರೋಟೀನೂ 1993ರಲ್ಲಿ ಸಿಕ್ಕಿತು.

ಈ ಹಾವು ನಮ್ಮ ಬಯಲಿನದು. ಎರಡಡಿಗೂ ಕಮ್ಮಿ ಉದ್ದ, ಹುರುಪೆಗಳನ್ನು ಉಜ್ಜಿ ಸರಸರ ಸದ್ದು ಮಾಡುತ್ತದೆ, ಹಗಲು ಕಲ್ಲಿನಡಿ ಅಡಗಿದ್ದು ಹೊತ್ತು ಮುಳುಗಿದ ಮೇಲೆ ಹೊರಡುತ್ತದೆ. ಶೇಂಗಾ ಕೀಳುವ ಕೈಗೂ ಕುರಿ ಹಿಂಡಿನ ಜೊತೆ ಬಯಲಲ್ಲೇ ಮಲಗುವವರಿಗೂ ಅದರ ಭಯ ತಪ್ಪಿದ್ದಲ್ಲ. ಕಡಿತದಲ್ಲಿ ರಕ್ತ ಸುರಿಯಲು ಮುಖ್ಯ ಕಾರಣ ಎಕಿಸ್ಟಾಟಿನ್ ಅಲ್ಲ. ವಿಷದ ಎಕಾರಿನ್ ಪ್ರೊಥ್ರಾಂಬಿನ್ನನ್ನು ಕೆರಳಿಸಿ, ಮೈಯಲ್ಲಿದ್ದ ಫೈಬ್ರಿನೊಜನ್ನೆಲ್ಲ ಖರ್ಚಾಗುವಂತೆ ಮಾಡುತ್ತದೆ. ಆಮೇಲೆ ಗ್ರಾಹಕ ಸರಿಯಿದ್ದರೂ ಹಿಡಿಯಲು ಎಳೆಯೇ ಇರುವುದಿಲ್ಲ. ಆದ್ದರಿಂದಲೇ ಆಸ್ಪತ್ರೆಯಲ್ಲಿ ಗಾಜಿನ ನಳಿಕೆಗೆ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಬಿಡುತ್ತಾರೆ. ಹೆಪ್ಪುಗಟ್ಟದಿದ್ದರೆ ಪ್ರತಿವಿಷ ಕೊಡಬೇಕು. ದುಬಾರಿ ಯಂತ್ರ ಬೇಡದ ಈ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯ ದೊಡ್ಡ ಆಸ್ತಿ. ಮಂತ್ರ, ನಾಟಿ ಔಷಧ ಎಂದು ಕಳೆಯುವ ಪ್ರತಿ ಗಂಟೆಯೂ ಜೀವಕ್ಕೆ ಎರವು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ತಡವಾದರೂ ಸರಿಯಾದ ಹೆಜ್ಜೆ. ಜಾಗ ಬದಲಾದಂತೆ ಒಂದೇ ಜಾತಿಯ ಹಾವಿನ ವಿಷವೂ ಬದಲಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುಣಗಾರ್ ಅವರ ತಂಡ ಇಂಥ ವ್ಯತ್ಯಾಸಗಳನ್ನೇ ಅಧ್ಯಯನ ಮಾಡುತ್ತಿದೆ. ಅದೇ ಸಂಸ್ಥೆಗೆ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ದೊಡ್ಡ ಆವರಣವಿದೆ. ಇಲ್ಲಿನ ಮಂಡಲದ ವಿಷ ಅಲ್ಲಿ ಅಧ್ಯಯನವಾಗಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಗ್ರಾಹಕ ತಡೆಯುವ ಚುಚ್ಚುಮದ್ದುಗಳನ್ನು ನುಂಗುವ ಮಾತ್ರೆಯಾಗಿಸುವ ಪ್ರಯತ್ನ 2000ದ ಹೊತ್ತಿಗೆ ಸೋತಿತು. ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಹೆಚ್ಚಿತು. ಆ ಜಾಗವನ್ನು ಪಿ2ವೈ12 ತಡೆಯುವ ಕ್ಲೊಪಿಡೊಗ್ರೆಲ್ ತುಂಬಿತು. 1997ರಲ್ಲೇ ಬಳಕೆಗೆ ಬಂದ ಈ ಮಾತ್ರೆಯ ಗುರಿ ಯಾವುದೆಂದು ಖಚಿತವಾದದ್ದು 2001ರಲ್ಲಿ, ಗ್ರಾಹಕದ ಜೀನು ಸಿಕ್ಕ ಮೇಲೆ. ಯಕೃತ್ತಿನ ಒಂದು ಕಿಣ್ವದ ಮೂಲಕ ಇದು ಚುರುಕಾಗಬೇಕು. ಆ ಕಿಣ್ವ ದುರ್ಬಲವಾಗಿರುವವರು ದಕ್ಷಿಣ ಏಷ್ಯಾದಲ್ಲಿ ಬಹಳ. ಹೃದ್ರೋಗಿಗಳಿಗೆ ಮಾತ್ರೆ ಬರೆಯುವ ವೈದ್ಯರು ನೆನಪಿಡಬೇಕಾದ ಮಾತು.

ಇನ್ನು ಗ್ಲಾಂಜ್‌ಮನ್ ಕಾಯಿಲೆ. ದೋಷವಿರುವ ಜೀನು ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಇದು ಕಾಣಿಸಿಕೊಳ್ಳುತ್ತದೆ. ಸೋದರಮಾವ, ಅತ್ತೆಯ ಮಗ ಎಂದು ನಂಟಿನಲ್ಲೇ ಮದುವೆಯಾಗುವುದು ಕರ್ನಾಟಕದಲ್ಲಿ ಇಂದಿಗೂ ಸಾಮಾನ್ಯವಾದ್ದರಿಂದ ನಮಗೆ ಇದು ದೂರದ ಕಾಯಿಲೆಯಲ್ಲ. ಹಲ್ಲು ಕೀಳಿಸಿದಾಗ, ಹೆಣ್ಣುಮಕ್ಕಳು ಮೈನೆರೆದಾಗ ರಕ್ತ ನಿಲ್ಲದೆ ಹೋಗುತ್ತದೆ. ಟ್ರಾನೆಕ್ಸಾಮಿಕ್ ಆಮ್ಲ ಕೊಂಚ ನೆರವಾಗುತ್ತದೆ. ಪ್ಲೇಟ್‌ಲೆಟ್ ಏರಿಸಿದರೆ, ತನ್ನಲ್ಲಿಲ್ಲದ ಆ ಗ್ರಾಹಕದ ವಿರುದ್ಧವೇ ದೇಹ ಪ್ರತಿಕಾಯ ಬೆಳೆಸಿಕೊಳ್ಳುವುದುಂಟು. ಆಗ ಉಳಿಯುವ ಫ್ಯಾಕ್ಟರ್ 7ಎ ಚುಚ್ಚುಮದ್ದು ಬಲು ದುಬಾರಿ. ಎಣಿಕೆ ಸರಿಯಿದೆ ಎಂದು ವರದಿ ಕೊಟ್ಟು ಮನೆಗೆ ಕಳಿಸಿದ ಮಗುವಿಗೆ ಮತ್ತೆ ಮತ್ತೆ ಮೂಗಿನಲ್ಲಿ ರಕ್ತ ಬರುತ್ತಿದ್ದರೆ, ತಂದೆತಾಯಿ ನಂಟರೇ ಎಂದು ಕೇಳಬೇಕು. ಹೌದಾದರೆ ರಕ್ತದ ಮಾದರಿಯನ್ನು ದೊಡ್ಡ ಆಸ್ಪತ್ರೆಯ ಫ್ಲೋ ಸೈಟೋಮೆಟ್ರಿ ಪರೀಕ್ಷೆಗೆ ಕಳಿಸಬೇಕು. ಗ್ರಾಹಕ ಇದೆಯೇ ಇಲ್ಲವೇ ಎಂಬುದನ್ನು ಅದು ನೇರವಾಗಿ ಹೇಳುತ್ತದೆ.