ಆರ್‌ಎಚ್ ಅಂಶ: ಒಂದು ಗರ್ಭನಷ್ಟದ ಚರಿತ್ರೆ

ಚೊಚ್ಚಲ ಹೆರಿಗೆಯಲ್ಲಿ ಆರೋಗ್ಯವಾದ ಮಗುವನ್ನು ಪಡೆದ ತಾಯಿ ಎರಡನೆಯ ಬಾರಿ ಕಡುಕಾಮಾಲೆಯ ಕೂಸನ್ನು ಹೆತ್ತು, ಮೂರನೆಯ ಬಸಿರಿನಲ್ಲಿ ಮೈಯೆಲ್ಲ ನೀರು ತುಂಬಿ ಊದಿಕೊಂಡ ನಿರ್ಜೀವ ಶಿಶುವನ್ನು ಕಾಣುವ ವಿಚಿತ್ರ ಕ್ರಮವೊಂದು ಯುರೋಪಿನ ಸೂಲಗಿತ್ತಿಯರಿಗೂ ವೈದ್ಯರಿಗೂ ಬಹುಕಾಲದಿಂದ ಪರಿಚಿತವಾಗಿತ್ತು. ಅದರ ಕಾರಣ ಮಾತ್ರ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಯಾರಿಗೂ ತಿಳಿದಿರಲಿಲ್ಲ. ಫ್ರಾನ್ಸಿನ ರಾಣಿ ಮರಿ ದ ಮೆದಿಚಿಯ ಹೆರಿಗೆಗಳನ್ನು ಮಾಡಿಸಿದ ಸೂಲಗಿತ್ತಿ ಲೂಯೀಸ್ ಬೂರ್ಜ್ವಾ 1609ರಲ್ಲಿ ಅವಳಿ ಶಿಶುಗಳನ್ನು ಕುರಿತು ಬರೆದಿಟ್ಟ ವಿವರವನ್ನು ಈ ರೋಗದ ಮೊದಲ ದಾಖಲೆಯೆಂದು ವೈದ್ಯಚರಿತ್ರೆಕಾರರು ಎಣಿಸುತ್ತಾರೆ. ಆ ಅವಳಿಗಳಲ್ಲಿ ಒಂದು ಊದಿಕೊಂಡು ಹುಟ್ಟಿ ಬೇಗನೆ ಸತ್ತಿತು, ಇನ್ನೊಂದು ಹಳದಿಯಾಗಿ ಕೆಲವು ದಿನಗಳಲ್ಲಿ ತೀರಿಕೊಂಡಿತು. ಒಂದೇ ಬಸಿರಿನ ಎರಡು ಶಿಶುಗಳಲ್ಲಿ ರೋಗದ ಎರಡು ಮುಖಗಳು ಒಟ್ಟಿಗೆ ಕಂಡಿದ್ದರೂ ಅವೆರಡೂ ಒಂದೇ ಎಂದು ವೈದ್ಯಶಾಸ್ತ್ರ ಒಪ್ಪಲು ಮುನ್ನೂರು ವರ್ಷಗಳಿಗೂ ಮಿಕ್ಕಿ ಕಾಲ ಹಿಡಿಯಿತು. ಊತ, ಕಾಮಾಲೆ, ರಕ್ತಹೀನತೆ ಎಂಬ ಮೂರನ್ನು ಬೇರೆಬೇರೆ ಕಾಯಿಲೆಗಳೆಂದು ಪಾಠ ಹೇಳುತ್ತಿದ್ದ ಕಾಲದಲ್ಲಿ, 1932ರಲ್ಲಿ, ಬಾಸ್ಟನ್ನಿನ ಲೂಯಿ ಡೈಮಂಡ್, ಕೆನೆತ್ ಬ್ಲ್ಯಾಕ್‌ಫ್ಯಾನ್ ಮತ್ತು ಜೇಮ್ಸ್ ಬೇಟಿ ಎಂಬ ವೈದ್ಯರು ಅವು ಮೂರೂ ಒಂದೇ ರೋಗದ ಬೇರೆಬೇರೆ ಮಟ್ಟಗಳೆಂದು ತೋರಿಸಿದರು. ಈ ಶಿಶುಗಳ ರಕ್ತದಲ್ಲೆಲ್ಲ ಇನ್ನೂ ಬಲಿಯದ ಕೆಂಪು ಕಣಗಳು ಹೇರಳವಾಗಿದ್ದವು. ನಾಶವಾಗುತ್ತಿದ್ದ ಕಣಗಳ ಜಾಗವನ್ನು ತುಂಬಲು ದೇಹ ಎಳೆಯ ಕಣಗಳನ್ನೇ ಹೊರಗೆ ತಳ್ಳುತ್ತಿತ್ತು.

ಕಣಗಳು ನಾಶವಾಗುವುದೇಕೆ ಎಂಬ ಪ್ರಶ್ನೆಗೆ ಸರಿಯಾದ ದಿಕ್ಕನ್ನು ತೋರಿದವರು ಶಿಕಾಗೋದ ರೋಗಶಾಸ್ತ್ರಜ್ಞೆ ರೂತ್ ಡ್ಯಾರೋ. ಸ್ವತಃ ಇದೇ ರೋಗದಿಂದ ಮಗುವನ್ನು ಕಳೆದುಕೊಂಡಿದ್ದ ಅವರು, ಶಿಶುವಿನ ರಕ್ತದ ಯಾವುದೋ ಅಂಶ ತಾಯಿಯ ದೇಹಕ್ಕೆ ಪರಕೀಯವಾಗಿ ಕಂಡು, ಅದರ ವಿರುದ್ಧ ತಾಯಿಯಲ್ಲಿ ಹುಟ್ಟಿದ ಪ್ರತಿಕಾಯ, ಎಂದರೆ ಹೊರಗಿನದನ್ನು ಗುರುತಿಸಿ ಎದುರಿಸುವ ರಕ್ತದ ಪ್ರೋಟೀನು, ಮಾಸನ್ನು ದಾಟಿ ಶಿಶುವಿನ ಕಣಗಳನ್ನು ಒಡೆಯುತ್ತದೆ ಎಂದು 1938ರಲ್ಲಿ ವಾದಿಸಿದರು. ಆ ಅಂಶವು ಶಿಶುವಿನ ಹಿಮೋಗ್ಲೋಬಿನ್ ಇರಬಹುದೆಂಬ ಅವರ ಊಹೆ ತಪ್ಪಾಗಿತ್ತು, ಆದರೆ ವಾದದ ಚೌಕಟ್ಟು ಪೂರ್ಣವಾಗಿ ಸರಿಯಾಗಿತ್ತು. ಪಠ್ಯಪುಸ್ತಕಗಳು ಅವರನ್ನು ಒಂದು ಸಾಲಿನಲ್ಲಿ ದಾಟಿಹೋಗುವುದು ನ್ಯಾಯವಲ್ಲ.

ಮುಂದಿನ ಸುಳಿವು ದೊರೆತದ್ದು ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ. ಹೊಟ್ಟೆಯಲ್ಲೇ ಸತ್ತ ಮಗುವನ್ನು ಹೆತ್ತು ರಕ್ತಸ್ರಾವದಿಂದ ಬಳಲುತ್ತಿದ್ದ ಮಹಿಳೆಯೊಬ್ಬರಿಗೆ ಗಂಡನ ರಕ್ತವನ್ನು ಕೊಟ್ಟಾಗ, ಇಬ್ಬರದೂ ಒಂದೇ ಓ ಗುಂಪಾಗಿದ್ದರೂ, ಮೈ ನಡುಗಿ ಅಪಾಯದ ಸ್ಥಿತಿ ಉಂಟಾಯಿತು. 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಎ, ಬಿ, ಓ ಗುಂಪುಗಳನ್ನು ಕಂಡುಹಿಡಿದ ಮೇಲೆ ಗುಂಪು ಹೊಂದಿದರೆ ರಕ್ತ ಕೊಡಬಹುದೆಂಬ ನಂಬಿಕೆ ಗಟ್ಟಿಯಾಗಿತ್ತು. ಈ ಘಟನೆ ಅದನ್ನು ಅಲುಗಿಸಿತು. ಫಿಲಿಪ್ ಲೆವಿನ್ ಮತ್ತು ರೂಫಸ್ ಸ್ಟೆಟ್ಸನ್ ಆ ಮಹಿಳೆಯ ಸೀರಮ್ಮನ್ನು, ಎಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಟ್ಟ ತಿಳಿದ್ರವವನ್ನು, ಓ ಗುಂಪಿನ 104 ಮಂದಿಯ ರಕ್ತದೊಡನೆ ಬೆರೆಸಿ ನೋಡಿದಾಗ 21 ಮಂದಿಯ ರಕ್ತ ಮಾತ್ರ ಹೊಂದಿಕೊಂಡಿತು, ಉಳಿದವರ ಕಣಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಗುಪ್ಪೆಗಟ್ಟಿದವು. ತಂದೆಯಿಂದ ಶಿಶುವಿಗೆ ಬಂದ, ತಾಯಿಯಲ್ಲಿಲ್ಲದ ಯಾವುದೋ ಪ್ರತಿಜನಕವೇ, ಅಂದರೆ ಪ್ರತಿಕಾಯವನ್ನು ಕೆರಳಿಸುವ ಗುರುತೇ ಇದಕ್ಕೆ ಕಾರಣವೆಂದು ಅವರು 1939ರಲ್ಲಿ ಪ್ರಕಟಿಸಿದರು, ಆದರೆ ಅದಕ್ಕೊಂದು ಹೆಸರಿಡಲಿಲ್ಲ.

ಹೆಸರಿಡುವ ಅವಕಾಶ ಮರುವರ್ಷವೇ ಬೇರೆಯವರ ಪಾಲಾಯಿತು. ಆ ಹೊತ್ತಿಗೆ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಲ್ಯಾಂಡ್‌ಸ್ಟೈನರ್ ಮತ್ತು ಅಲೆಕ್ಸಾಂಡರ್ ವೀನರ್ ರೀಸಸ್ ಕೋತಿಯ ಕೆಂಪು ಕಣಗಳನ್ನು ಮೊಲಗಳಿಗೆ ಚುಚ್ಚಿ ಪಡೆದ ಸೀರಮ್ ನೂರಕ್ಕೆ ಸುಮಾರು 85 ಮಂದಿಯ ಕಣಗಳನ್ನು ಗುಪ್ಪೆಗಟ್ಟಿಸುತ್ತದೆ ಎಂದು 1940ರಲ್ಲಿ ವರದಿ ಮಾಡಿ, ಆ ಅಂಶಕ್ಕೆ ರೀಸಸ್‌ನ ಮೊದಲೆರಡು ಅಕ್ಷರಗಳಿಂದ ಆರ್‌ಎಚ್ ಎಂದು ಹೆಸರಿಟ್ಟರು. ಲೆವಿನ್ ಕಂಡದ್ದೂ ಇದೂ ಒಂದೇ ಎಂದು ಆಗ ತೋರಿತು. 1941ರಲ್ಲಿ ಲೆವಿನ್ ತಂಡವೇ ಶಿಶುಗಳ ಈ ರೋಗಕ್ಕೂ ಆರ್‌ಎಚ್ ಅಂಶಕ್ಕೂ ಇರುವ ನಂಟನ್ನು ಸ್ಥಾಪಿಸಿತು. ಮೊದಲು ಕಂಡವರು ಯಾರೆಂಬ ಜಗಳ ಲೆವಿನ್ ಮತ್ತು ವೀನರ್ ನಡುವೆ ದಶಕಗಳ ಕಾಲ ನಡೆಯಿತು. ಕೋತಿಯ ಕಣಗಳಿಂದ ಹುಟ್ಟಿದ ಪ್ರತಿಕಾಯವೂ ತಾಯಂದಿರಲ್ಲಿ ಹುಟ್ಟುವ ಪ್ರತಿಕಾಯವೂ ಬೇರೆಬೇರೆ ಗುರುತುಗಳನ್ನು ಹಿಡಿಯುತ್ತವೆ ಎಂಬುದು ಮುಂದೆ ಖಚಿತವಾದಾಗ, ಕೋತಿಗೆ ಸಂಬಂಧಿಸಿದ್ದಕ್ಕೆ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಗೌರವಾರ್ಥ ಎಲ್‌ಡಬ್ಲ್ಯೂ ಎಂಬ ಹೊಸ ಹೆಸರನ್ನು ಕೊಡಲಾಯಿತು. ಆರ್‌ಎಚ್ ಎಂಬ ಹೆಸರು ಕೋತಿಯ ಸಂಬಂಧವಿಲ್ಲದ ಅಂಶಕ್ಕೇ ಉಳಿಯಿತು. ಪ್ರಯೋಗಾಲಯದ ಪ್ರಾಣಿಗೆ ಸಂದ ಕೀರ್ತಿ ನಿಜವಾಗಿ ಬೆಲ್‌ವ್ಯೂ ಆಸ್ಪತ್ರೆಯ ಆ ತಾಯಿಯ ರಕ್ತಕ್ಕೆ ಸಲ್ಲಬೇಕಾಗಿತ್ತು.

ರೋಗ ಬೆಳೆಯುವ ಬಗೆ ಕ್ರಮೇಣ ಸ್ಪಷ್ಟವಾಯಿತು. ಆರ್‌ಎಚ್ ಗುಂಪಿನ ಗುರುತುಗಳಲ್ಲಿ ಡಿ ಎಂಬುದು ಪ್ರಮುಖವಾದದ್ದು. ಅದು ಕೆಂಪು ಕಣದ ಮೇಲಿದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್ ಎಂದು ಕರೆಯುವುದು ರೂಢಿ. ನೆಗೆಟಿವ್ ತಾಯಿಯ ಗರ್ಭದಲ್ಲಿ ಪಾಸಿಟಿವ್ ಶಿಶು ಬೆಳೆಯುವಾಗ ಇಬ್ಬರ ರಕ್ತವೂ ಸಾಮಾನ್ಯವಾಗಿ ಬೆರೆಯದೆ ಮಾಸಿನ ಎರಡು ಬದಿಗಳಲ್ಲಿ ಹರಿಯುತ್ತದೆ, ಆದರೆ ಹೆರಿಗೆಯಲ್ಲಿ ಮಾಸು ಕಳಚುವಾಗ ಶಿಶುವಿನ ಸ್ವಲ್ಪ ರಕ್ತ ತಾಯಿಯ ರಕ್ತನಾಳಗಳನ್ನು ಸೇರಬಹುದು. ತಾಯಿಯ ದೇಹ ಅದನ್ನು ಪರಕೀಯವೆಂದು ಗುರುತಿಸಿ ಪ್ರತಿಕಾಯ ತಯಾರಿಸುವ ಹೊತ್ತಿಗೆ ಆ ಮಗು ಹೊರಗೆ ಬಂದು ಸುರಕ್ಷಿತವಾಗಿರುತ್ತದೆ. ಪೆಟ್ಟು ಬೀಳುವುದು ಮುಂದಿನ ಪಾಸಿಟಿವ್ ಶಿಶುವಿಗೆ. ಕಣಗಳು ಒಡೆದು ರಕ್ತಹೀನತೆ ಮಿತಿಮೀರಿದಾಗ ಶಿಶುವಿನ ಹೃದಯ ಸೋತು ಮೈಯಲ್ಲಿ ನೀರು ತುಂಬುತ್ತದೆ. ಒಡೆದ ಕಣಗಳಿಂದ ಹುಟ್ಟುವ ಹಳದಿ ಬಣ್ಣದ ಬಿಲಿರುಬಿನ್ ಎಂಬ ವಸ್ತುವನ್ನು ಗರ್ಭದಲ್ಲಿರುವಷ್ಟು ಕಾಲ ಮಾಸಿನ ಮೂಲಕ ತಾಯಿಯ ಪಿತ್ತಜನಕಾಂಗವೇ ಹೊರಹಾಕುವುದರಿಂದ ಹುಟ್ಟುವಾಗ ಬೆಳ್ಳಗೆ ಕಾಣುವ ಕೂಸು ಒಂದೆರಡು ದಿನಗಳಲ್ಲಿ ಕಡುಹಳದಿಗೆ ತಿರುಗುತ್ತದೆ, ಆ ವಸ್ತು ಮಿದುಳಿಗೆ ಇಳಿದರೆ ಸಾವು ಅಥವಾ ಶಾಶ್ವತ ಊನ ಉಂಟಾಗುತ್ತದೆ. ಮೊದಲ ಮೂರು ತಿಂಗಳಲ್ಲಿ ಆಗುವ ಸಾಮಾನ್ಯ ಗರ್ಭಪಾತಕ್ಕೆ ಆರ್‌ಎಚ್ ಭೇದ ಕಾರಣವೆಂಬ ಜನಜನಿತ ಕಲ್ಪನೆ ಸರಿಯಲ್ಲ. ಇದರಿಂದಾಗುವ ನಷ್ಟ ಬಸಿರಿನ ಉತ್ತರಾರ್ಧದ್ದು. ಗರ್ಭಪಾತವೇ ತಾಯಿಯಲ್ಲಿ ಪ್ರತಿಕಾಯ ಹುಟ್ಟಲು ಒಂದು ಕಾರಣವಾಗಬಹುದು.

ಈ ತಿಳಿವಳಿಕೆ ಬಂದ ಮೇಲೆ ಹಿಂದಿನ ಕಾಲದ ಎಲ್ಲ ಶಿಶುಮರಣಗಳಿಗೂ ಇದನ್ನೇ ಅಂಟಿಸುವ ಚಪಲವೂ ಹುಟ್ಟಿತು. ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ರಾಣಿಯರ ಗರ್ಭನಷ್ಟಗಳಿಗೆ ಕೆಲ್ ಎಂಬ ಇನ್ನೊಂದು ರಕ್ತಗುಂಪಿನ ಭೇದ ಕಾರಣವೆಂದು 2010ರಲ್ಲಿ ಮಂಡಿತವಾದ ವಾದ ಕುತೂಹಲಕರವೇ ಹೌದು, ಆದರೆ ರಕ್ತದ ಮಾದರಿಯಿಲ್ಲದೆ ಅದು ಊಹೆಯಾಗಿಯೇ ಉಳಿಯುತ್ತದೆ. ಕನ್ನಡ ನಾಡಿನಲ್ಲಿ ಹುಟ್ಟಿದ ಮಕ್ಕಳು ನಿಲ್ಲದ ಮನೆಗಳಲ್ಲಿ ಮುಂದಿನ ಮಗುವಿಗೆ ಗುಂಡ, ತಿಪ್ಪ, ಕಲ್ಲ ಎಂದು ಹೆಸರಿಡುವ, ನಾಗಪ್ರತಿಷ್ಠೆಯ ಹರಕೆ ಹೊರುವ ಪದ್ಧತಿಗಳಿದ್ದವು. ಅಂಥ ಸಾವುಗಳ ಹಿಂದೆ ಆರ್‌ಎಚ್ ಭೇದ ಎಲ್ಲೋ ಕೆಲವೆಡೆ ಇದ್ದಿರಬಹುದು. ಆದರೆ ಯುರೋಪಿಯನ್ನರಲ್ಲಿ ನೂರಕ್ಕೆ ಸುಮಾರು 15ರಷ್ಟಿರುವ, ಸ್ಪೇನ್ ಮತ್ತು ಫ್ರಾನ್ಸಿನ ಗಡಿಯ ಬಾಸ್ಕ್ ಜನರಲ್ಲಿ 30ನ್ನೂ ಮೀರುವ ನೆಗೆಟಿವ್ ಗುಂಪು ಭಾರತದಲ್ಲಿ ಸುಮಾರು 5ರಷ್ಟೇ ಇರುವುದರಿಂದ, ಮತ್ತು ಚೊಚ್ಚಲ ಮಗುವನ್ನು ಈ ರೋಗ ಸಾಮಾನ್ಯವಾಗಿ ಮುಟ್ಟದಿರುವುದರಿಂದ, ಹೆಚ್ಚಿನ ಸಾವುಗಳಿಗೆ ಧನುರ್ವಾಯು, ಸೋಂಕು, ತಾಯಿಯ ಅಪೌಷ್ಟಿಕತೆಗಳನ್ನೇ ಹೊಣೆಯಾಗಿಸಬೇಕಾಗುತ್ತದೆ.

ಚಿಕಿತ್ಸೆಯ ಚರಿತ್ರೆ ಮೊದಲು ಹುಟ್ಟಿದ ಕೂಸನ್ನು ಉಳಿಸುವ ಹೋರಾಟವಾಗಿ ಆರಂಭವಾಯಿತು. ಬಾಸ್ಟನ್ನಿನಲ್ಲಿ ಡೈಮಂಡ್ 1940ರ ದಶಕದ ಉತ್ತರಾರ್ಧದಲ್ಲಿ ರೂಢಿಗೆ ತಂದ ವಿಧಾನದಲ್ಲಿ, ಕೊಯ್ದ ಹೊಕ್ಕುಳಬಳ್ಳಿಯ ಅಭಿಧಮನಿಗೆ ಮೆತ್ತನೆಯ ಪ್ಲಾಸ್ಟಿಕ್ ನಳಿಗೆಯನ್ನು ತೂರಿಸಿ, ಒಂದು ಸಲಕ್ಕೆ 10 ಅಥವಾ 20 ಮಿಲಿಲೀಟರ್‌ನಂತೆ ಶಿಶುವಿನ ರಕ್ತವನ್ನು ಹೊರಗೆಳೆದು ಅಷ್ಟೇ ನೆಗೆಟಿವ್ ರಕ್ತವನ್ನು ಒಳಗೆ ಬಿಡುತ್ತ, ಕೂಸಿನ ಮೈಯಲ್ಲಿರುವ ರಕ್ತದ ಎರಡರಷ್ಟು ಬದಲಾಗುವವರೆಗೆ ವೈದ್ಯರು ಗಂಟೆಗಟ್ಟಲೆ ಕುಳಿತಿರಬೇಕಾಗಿತ್ತು. 1945ರಲ್ಲಿ ಕೇಂಬ್ರಿಜ್‌ನ ರಾಬಿನ್ ಕೂಂಬ್ಸ್ ಮತ್ತು ಸಂಗಡಿಗರು, ಕಣಗಳಿಗೆ ಅಂಟಿದರೂ ಅವನ್ನು ಗುಪ್ಪೆಗಟ್ಟಿಸಲಾರದ ಪ್ರತಿಕಾಯವನ್ನು ಪತ್ತೆಹಚ್ಚುವ ಪರೀಕ್ಷೆಯನ್ನು ರೂಪಿಸಿದ್ದರಿಂದ ಯಾವ ಬಸಿರು ಅಪಾಯದಲ್ಲಿದೆ ಎಂದು ಮೊದಲೇ ತಿಳಿಯುವುದು ಸಾಧ್ಯವಾಯಿತು. ಕೂಂಬ್ಸ್ ಪರೀಕ್ಷೆ ಇಂದಿಗೂ ಆಸ್ಪತ್ರೆಗಳಲ್ಲಿ ಅದೇ ಹೆಸರಿನಿಂದ ನಡೆಯುತ್ತದೆ. ಹುಟ್ಟುವ ಮೊದಲೇ ಸಾಯುವ ಶಿಶುಗಳಿಗೆ ಮಾತ್ರ ಇದಾವುದೂ ನೆರವಾಗಲಿಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ವಿಲಿಯಂ ಲೈಲಿ 1963ರಲ್ಲಿ ತಾಯಿಯ ಹೊಟ್ಟೆಯ ಮೂಲಕ ಸೂಜಿಯನ್ನಿಳಿಸಿ ಗರ್ಭಸ್ಥ ಶಿಶುವಿನ ಉದರದ ಪೊಳ್ಳಿಗೇ ರಕ್ತ ತುಂಬಿ, ಶಿಶುವಿನ ದೇಹ ಅದನ್ನು ಅಲ್ಲಿಂದ ನಿಧಾನವಾಗಿ ಹೀರಿಕೊಳ್ಳುವಂತೆ ಮಾಡಿದರು. ಮೊದಲ ಯತ್ನಗಳು ವಿಫಲವಾದವು, ಆದರೂ ಆ ವರ್ಷವೇ ಒಂದು ಮಗು ಬದುಕಿತು. ಶಿಶುವನ್ನು ಹುಟ್ಟುವ ಮುನ್ನವೇ ರೋಗಿಯೆಂದು ಪರಿಗಣಿಸುವ ವೈದ್ಯಶಾಖೆ ಬೆಳೆದದ್ದು ಇಲ್ಲಿಂದ.

ರೋಗವನ್ನೇ ತಡೆಯುವ ಉಪಾಯ ಮಾತ್ರ ಯಾರೂ ನಿರೀಕ್ಷಿಸದ ಕಡೆಯಿಂದ ಬಂತು. ಲಿವರ್‌ಪೂಲಿನ ವೈದ್ಯ ಸಿರಿಲ್ ಕ್ಲಾರ್ಕ್ ಬಿಡುವಿನಲ್ಲಿ ಚಿಟ್ಟೆಗಳನ್ನು ಸಾಕಿ ಅವುಗಳ ರೆಕ್ಕೆಯ ವಿನ್ಯಾಸ ಪೀಳಿಗೆಯಿಂದ ಪೀಳಿಗೆಗೆ ಇಳಿಯುವ ಬಗೆಯನ್ನು ಅಧ್ಯಯನ ಮಾಡುತ್ತಿದ್ದವರು. ಆ ಆಸಕ್ತಿಯೇ ಅವರನ್ನು ರಕ್ತಗುಂಪುಗಳ ಆನುವಂಶಿಕತೆಯತ್ತ ಎಳೆಯಿತು. ತಾಯಿ ಓ ಗುಂಪಿನವಳಾಗಿದ್ದು ಮಗು ಎ ಅಥವಾ ಬಿ ಆಗಿದ್ದರೆ ಆರ್‌ಎಚ್ ತೊಂದರೆ ಅಪರೂಪವೆಂದು ಲೆವಿನ್ 1943ರಲ್ಲೇ ಗಮನಿಸಿದ್ದರು. ತಾಯಿಯ ರಕ್ತದಲ್ಲಿ ಎ, ಬಿ ಗುರುತುಗಳ ವಿರುದ್ಧ ಸಹಜವಾಗಿಯೇ ಇರುವ ಪ್ರತಿಕಾಯಗಳು ಒಳಬಂದ ಶಿಶುವಿನ ಕಣಗಳನ್ನು ಕೂಡಲೇ ನಾಶ ಮಾಡುವುದರಿಂದ ಡಿ ಗುರುತನ್ನು ದೇಹ ಗುರುತಿಸುವುದಕ್ಕೇ ಅವಕಾಶವಿರುವುದಿಲ್ಲ ಎಂಬುದು ಇದರ ವಿವರಣೆ. ಕ್ಲಾರ್ಕ್ ಅವರ ಬಳಿ ಸಂಶೋಧನೆ ನಡೆಸುತ್ತಿದ್ದ ರೊನಾಲ್ಡ್ ಫಿನ್, ಜರ್ಮನಿಯ ಎನ್ನೊ ಕ್ಲೈಹಾವರ್ 1957ರಲ್ಲಿ ಕಂಡುಹಿಡಿದಿದ್ದ ಪರೀಕ್ಷೆಯಿಂದ ಬಾಣಂತಿಯರ ರಕ್ತದಲ್ಲಿ ಶಿಶುವಿನ ಕಣಗಳನ್ನು ಎಣಿಸಿದರು. ಗಾಜಿನ ಪಟ್ಟಿಯ ಮೇಲೆ ಹರಡಿದ ರಕ್ತವನ್ನು ಆಮ್ಲದಲ್ಲಿ ತೊಳೆದಾಗ ತಾಯಿಯ ಕಣಗಳ ಹಿಮೋಗ್ಲೋಬಿನ್ ಕರಗಿಹೋಗಿ ಅವು ಮಸುಕಾದ ಬಳೆಗಳಂತೆ ಉಳಿದರೆ, ಶಿಶುವಿನ ಕಣಗಳು ಗುಲಾಬಿ ಬಣ್ಣವನ್ನು ಬಿಟ್ಟುಕೊಡದೆ ಎದ್ದು ಕಾಣುತ್ತವೆ. ಆ ಕಣಗಳನ್ನು ತಾಯಿಯ ದೇಹ ಗುರುತಿಸುವ ಮೊದಲೇ ಹೊರಗಿನಿಂದ ಡಿ ವಿರುದ್ಧದ ಪ್ರತಿಕಾಯವನ್ನು ಕೊಟ್ಟು ನಾಶಪಡಿಸಬಹುದೆಂದು ಫಿನ್ 1960ರಲ್ಲಿ ಸೂಚಿಸಿದರು. ಶಿಶುವನ್ನು ಕೊಲ್ಲುವ ಪ್ರತಿಕಾಯವನ್ನೇ ಔಷಧವಾಗಿ ತಾಯಿಗೆ ಚುಚ್ಚುವ ಈ ಸಲಹೆ ಆ ಕಾಲದ ಹಲವರಿಗೆ ಹುಚ್ಚಾಟವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಅದೇ ವರ್ಷಗಳಲ್ಲಿ ನ್ಯೂಯಾರ್ಕಿನ ವಿನ್ಸೆಂಟ್ ಫ್ರೀಡಾ, ಜಾನ್ ಗೋರ್ಮನ್ ಮತ್ತು ಔಷಧ ಕಂಪನಿಯೊಂದರ ವಿಜ್ಞಾನಿ ವಿಲಿಯಂ ಪೊಲ್ಯಾಕ್ ಬೇರೆ ದಾರಿಯಿಂದ ಇದೇ ಉಪಾಯವನ್ನು ತಲುಪಿದ್ದರು. ಅವರ ಪ್ರಯೋಗಗಳು ನಡೆದದ್ದು ಸಿಂಗ್ ಸಿಂಗ್ ಸೆರೆಮನೆಯ ನೆಗೆಟಿವ್ ಗುಂಪಿನ ಕೈದಿಗಳ ಮೇಲೆ. ಒಪ್ಪಿಗೆ ಪಡೆದೇ ನಡೆದ ಪ್ರಯೋಗವಾದರೂ, ಕಂಬಿಯ ಹಿಂದಿರುವವನ ಒಪ್ಪಿಗೆಗೆ ಎಷ್ಟು ಬೆಲೆ ಎಂಬ ಪ್ರಶ್ನೆ ಇಂದಿನ ನೀತಿಸಂಹಿತೆಗಳ ಬೆಳಕಿನಲ್ಲಿ ಹಾಗೆಯೇ ಉಳಿಯುತ್ತದೆ. ಹೆರಿಗೆಯಾದ 72 ಗಂಟೆಗಳೊಳಗೆ ಈ ಚುಚ್ಚುಮದ್ದನ್ನು ಕೊಡಬೇಕೆಂಬ, ಇಂದು ಜಗತ್ತಿನಾದ್ಯಂತ ಪಾಲಿಸುವ ನಿಯಮದ ಮೂಲವೂ ಆ ಸೆರೆಮನೆಯಲ್ಲೇ ಇದೆ: ಸಂಶೋಧಕರ ಭೇಟಿಗಳ ನಡುವೆ ಇದ್ದ ಅಂತರದಿಂದಾಗಿ ಕಣಗಳನ್ನು ಚುಚ್ಚಿ ಮೂರು ದಿನಗಳ ನಂತರ ಪ್ರತಿಕಾಯ ಕೊಟ್ಟಾಗಲೂ ಫಲ ದೊರೆತದ್ದರಿಂದ ಅದೇ ಗಡುವಾಗಿ ನಿಂತಿತು. ಎರಡೂ ದೇಶಗಳಲ್ಲಿ ತಾಯಂದಿರ ಮೇಲಿನ ಪರೀಕ್ಷೆಗಳು ಗೆದ್ದ ಮೇಲೆ 1968ರಲ್ಲಿ ಅಮೆರಿಕದಲ್ಲಿ ಈ ಔಷಧಕ್ಕೆ ಪರವಾನಗಿ ದೊರೆಯಿತು, ಐವರು ಸಂಶೋಧಕರಿಗೂ ಒಟ್ಟಾಗಿ 1980ರ ಲ್ಯಾಸ್ಕರ್ ಪ್ರಶಸ್ತಿ ಸಂದಿತು. ಚಿಕಿತ್ಸೆಯಿಲ್ಲದಿದ್ದರೆ ಅಪಾಯಕ್ಕೊಳಗಾದ ತಾಯಂದಿರಲ್ಲಿ ನೂರಕ್ಕೆ ಸುಮಾರು 16 ಮಂದಿಯಲ್ಲಿ ಪ್ರತಿಕಾಯ ಹುಟ್ಟುತ್ತಿತ್ತು. ಹೆರಿಗೆಯ ನಂತರದ ಚುಚ್ಚುಮದ್ದಿನಿಂದ ಅದು ಎರಡಕ್ಕೂ ಕಡಿಮೆಯಾಯಿತು. ಕೆನಡಾದ ವಿನ್ನಿಪೆಗ್‌ನಲ್ಲಿ ಜಾನ್ ಬೌಮನ್ ಬಸಿರಿನ 28ನೆಯ ವಾರದಲ್ಲೂ ಒಮ್ಮೆ ಕೊಡುವ ಪದ್ಧತಿಯನ್ನು ಆರಂಭಿಸಿದ ಮೇಲೆ ಅದು ಇನ್ನಷ್ಟು ಇಳಿಯಿತು.

ಆಂಟಿ-ಡಿ ಎಂದು ಕರೆಯಲ್ಪಡುವ ಈ ಔಷಧವನ್ನು ಹೆಚ್ಚಾಗಿ ಇಂದಿಗೂ ಮನುಷ್ಯರ ಪ್ಲಾಸ್ಮಾದಿಂದಲೇ ಬೇರ್ಪಡಿಸಲಾಗುತ್ತದೆ. ಹರೆಯದಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಇತರರ ರಕ್ತದಿಂದ ಬದುಕುಳಿದ ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಈ ಪ್ರತಿಕಾಯವಿದ್ದ ತಮ್ಮ ಪ್ಲಾಸ್ಮಾವನ್ನು 2018ರವರೆಗೆ 1,173 ಬಾರಿ ದಾನ ಮಾಡಿ 2025ರಲ್ಲಿ ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳು ಬರೆದವು. ಈ ಅವಲಂಬನೆಗೆ ಕರಾಳ ಮುಖವೂ ಇದೆ. ಐರ್ಲೆಂಡಿನಲ್ಲಿ 1970ರ ದಶಕದ ಕೊನೆಯಲ್ಲಿ, ಕಾಮಾಲೆ ಕಾಣಿಸಿಕೊಂಡಿದ್ದ ರೋಗಿಯೊಬ್ಬರ ಪ್ಲಾಸ್ಮಾವನ್ನು ಬಳಸಿ ತಯಾರಿಸಿದ ಆಂಟಿ-ಡಿಯಿಂದ ಸಾವಿರಕ್ಕೂ ಹೆಚ್ಚು ತಾಯಂದಿರಿಗೆ ಹೆಪಟೈಟಿಸ್ ಸಿ ಸೋಂಕು ತಗಲಿತು, ಸಂಗತಿ 1994ರವರೆಗೆ ಹೊರಬರಲೇ ಇಲ್ಲ. ಮಕ್ಕಳನ್ನು ಉಳಿಸುವ ಮದ್ದನ್ನು ನಂಬಿ ತೆಗೆದುಕೊಂಡ ಆರೋಗ್ಯವಂತ ಮಹಿಳೆಯರೇ ಇಲ್ಲಿ ಬಲಿಯಾದದ್ದು ಈ ಚರಿತ್ರೆಯ ಅಕ್ಷಮ್ಯ ಅಧ್ಯಾಯ.

ಕರ್ನಾಟಕದಲ್ಲಿ ಬಸುರಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲಿ ರಕ್ತದ ಗುಂಪನ್ನು ನಮೂದಿಸುವ ಹಿಂದೆ ಇಷ್ಟು ದೀರ್ಘವಾದ ಕಥೆಯಿದೆ. ನೆಗೆಟಿವ್ ಎಂದು ಬರೆದಿರುವ ಕಾರ್ಡು ಕೈಯಲ್ಲಿರುವವರು ಹೆರಿಗೆಯಾದ ಮೇಲಷ್ಟೇ ಅಲ್ಲ, ಗರ್ಭ ಜಾರಿದಾಗ ಅಥವಾ ತೆಗೆಸಬೇಕಾಗಿ ಬಂದಾಗಲೂ ಆಂಟಿ-ಡಿಯ ಅಗತ್ಯವಿದೆಯೇ ಎಂದು ಕೂಡಲೇ ವೈದ್ಯರನ್ನು ಕೇಳಬೇಕು. ಪರವಾನಗಿ ದೊರೆತು ಅರ್ಧ ಶತಮಾನ ದಾಟಿದ್ದರೂ, ತಜ್ಞರ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಈ ಚುಚ್ಚುಮದ್ದು ಬೇಕಾದ ತಾಯಂದಿರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಇನ್ನೂ ದೊರೆಯುತ್ತಿಲ್ಲ.